ಮೊದಲ ರಾಕೆಟ್

ಇವತ್ತು ಮೊದಲ ಟೆನಿಸ್ ರಾಕೆಟ್ ಆರಿಸಿದೆ. ಹೆಚ್ಚು ಹೊತ್ತು ಹಿಡಿದದ್ದು ಹಿಡಿಕೆ ನೋಡೋದಕ್ಕೇ.

ಹಿಡಿಕೆಯನ್ನು ಮುಷ್ಟಿಯಲ್ಲಿ ಹಿಡಿದಾಗ ಬೆರಳ ತುದಿಗೂ ಅಂಗೈಗೂ ನಡುವೆ ಸಣ್ಣ ಸಂದು ಉಳಿಯುತ್ತದಲ್ಲ, ಇನ್ನೊಂದು ಕೈಯ ತೋರುಬೆರಳು ಅದರಲ್ಲಿ ಸರಿಯಾಗಿ ಕೂರಬೇಕು. ಬೆರಳೇ ತೂರದಿದ್ದರೆ ಹಿಡಿಕೆ ಸಣ್ಣದು. ತೂರಿದ ಮೇಲೂ ಜಾಗ ಉಳಿದರೆ ದಪ್ಪ. ಅನುಮಾನ ಬಂದರೆ ಸಣ್ಣದನ್ನೇ ತಗೊಳ್ಳಿ, ಮೇಲೆ ಗ್ರಿಪ್ ಟೇಪ್ ಸುತ್ತಬಹುದು. ದಪ್ಪ ಇರೋದನ್ನು ಕೆತ್ತೋಕಾಗುತ್ತಾ?

ನಾನು ಆರಿಸಿದ್ದರ ತೂಕ 270 ಗ್ರಾಂ, ತಲೆ (ಅಂದರೆ ತಂತಿ ಕಟ್ಟಿದ ಭಾಗ) 105 ಚದರ ಇಂಚು. ಟೆನಿಸ್ ದಿಗ್ಗಜ ಫೆಡರರ್ ವರ್ಷಗಟ್ಟಲೆ ಆಡಿದ್ದು 90 ಚದರ ಇಂಚಿನ ರಾಕೆಟ್‌ನಲ್ಲಿ. ಅಷ್ಟು ಪುಟ್ಟ ತಲೆಯ ನಟ್ಟನಡುವೆ ಚೆಂಡು ತಾಗಿಸೋ ಕೆಲಸ ಅವರಿಗೇ ಇರಲಿ. ನನಗೆ ಅಂಚಿನ ಹತ್ತಿರ ತಾಗಿದರೂ ನೆಟ್ ದಾಟಿಸೋದು ಸಾಕು.

"ಭಾರದ್ದು ತಗೋ, ಪವರ್ ಜಾಸ್ತಿ" ಅಂದ ಗೆಳೆಯ. ನಿಜವೇ. ಆದರೆ ಅರ್ಧ ಗಂಟೆ ಬೀಸಿದ ಮೇಲೆ ಭುಜ ಏನನ್ನುತ್ತೆ ಅಂತ ಯಾರೂ ಹೇಳೋದಿಲ್ಲ. ಸಲಹೆ ಕೊಡೋರ ಕೈ ಬೇರೆ, ನೋಯೋ ಕೈ ಬೇರೆ, ಅಲ್ವಾ?

ತಂತಿ ಎಷ್ಟು ಬಿಗಿ ಇರಬೇಕು ಅನ್ನೋ ಚರ್ಚೆ ಸದ್ಯಕ್ಕೆ ಬೇಡ. ಮೊದಲು ಚೆಂಡು ತಾಗಲಿ.