ಗ್ರೀನ್ ಐಲ್ಯಾಂಡಿನ ಗೋಡೆಯ ಮೇಲಿನ ಹೆಸರುಗಳು

ಕೆನಡಾದ ರಾಜಧಾನಿ ಒಟ್ಟಾವಾಕ್ಕೆ ಬಂದ ಹೊಸದರಲ್ಲಿ ರಿಡೋ ಜಲಪಾತ ನೋಡೋಣ ಅಂತ ಹೋಗಿದ್ದೆ. ಅಲ್ಲೇ ಗ್ರೀನ್ ಐಲ್ಯಾಂಡಿನಲ್ಲಿ ಒಂದು ದೊಡ್ಡ ಕಂಚಿನ ಭೂಗೋಳ, ಅದರ ಜೊತೆಗೆ ಗೋಡೆಯ ಮೇಲೆ ಸಾಲು ಸಾಲು ಹೆಸರು. ಸುಮಾರು 800 ಜನ. ಎರಡನೇ ಮಹಾಯುದ್ಧದ ಕಾಲದಲ್ಲಿ ಕೆನಡಾ, ಅಮೆರಿಕ ಮತ್ತು ಅಕ್ಕಪಕ್ಕದ ನೆಲ-ಕಡಲಿನಲ್ಲಿ ಸತ್ತು, ಸಮಾಧಿ ಅಂತ ಒಂದು ಜಾಗವೂ ಇಲ್ಲದ ವಾಯುಪಡೆಯವರು.

ಯುದ್ಧ ನಡೆಯುತ್ತಿದ್ದದ್ದು ದೂರದಲ್ಲಿ, ಇವರು ಇಲ್ಲಿ ಯಾಕೆ ಸತ್ತರು ಅಂತ ನನಗೆ ತಕ್ಷಣ ಹೊಳೆಯಲಿಲ್ಲ. ಬ್ರಿಟನ್ನಿನ ಆಕಾಶ ಶತ್ರುವಿಗೆ ತೀರಾ ಹತ್ತಿರ. ಹಾಗಾಗಿ 1939ರ ಡಿಸೆಂಬರಿನಲ್ಲಿ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಒಪ್ಪಂದ ಮಾಡಿಕೊಂಡು ಹುಡುಗರನ್ನು ಕೆನಡಾದಲ್ಲಿ ತರಬೇತಿ ಕೊಟ್ಟು ವಾಯುಪಡೆಗೆ ತಯಾರು ಮಾಡಿದವು. 1,31,000ಕ್ಕೂ ಜಾಸ್ತಿ ಜನ ಇಲ್ಲಿ ಕಲಿತು ಹೊರಬಿದ್ದರು. ಕೆಲವರು ಕಲಿಯುವಾಗಲೇ ಹೋದರು.

ಕಡಲ ಮೇಲೆ ದಾರಿ ಹುಡುಕುವುದು ಅಂದರೆ ಆಗ ಏನಿತ್ತು ಹೇಳಿ? ದಿಕ್ಸೂಚಿ, ಗಡಿಯಾರ, ನಕ್ಷೆ, ಪೆನ್ಸಿಲ್. ಇಷ್ಟು ವೇಗದಲ್ಲಿ ಇಷ್ಟು ನಿಮಿಷ ಹಾರಿದ್ದೇವೆ, ಗಾಳಿ ಇಷ್ಟು ತಳ್ಳಿರಬಹುದು, ಹಾಗಾದರೆ ಇಲ್ಲಿದ್ದೇವೆ ಅಂತ ನಕ್ಷೆಯಲ್ಲಿ ಒಂದು ಚುಕ್ಕೆ. ದಿಕ್ಕು ಐದೇ ಡಿಗ್ರಿ ತಪ್ಪಿದರೂ ನೂರು ಮೈಲಿಗೆ ಒಂಬತ್ತು ಮೈಲಿಯಷ್ಟು ಪಕ್ಕಕ್ಕೆ ಹೋಗಿಬಿಡುತ್ತೀರಿ. ಕೆಳಗೆ ನೀರು, ಮೇಲೆ ಮೋಡ, ಗುರುತಿಗೆ ಒಂದು ಮರವೂ ಇಲ್ಲ. ಮೋಡದ ಕೆಳಗೆ ಇಳಿದು ನೋಡೋಣ ಅಂದರೆ ನೀರು ಎಷ್ಟು ಕೆಳಗಿದೆ ಅನ್ನುವುದೂ ಕಣ್ಣಿಗೆ ತಿಳಿಯುವುದಿಲ್ಲ, ಅದರಲ್ಲೂ ಅಲೆ ಇಲ್ಲದೆ ಕನ್ನಡಿಯಂತೆ ನಿಂತ ನೀರಾದರೆ. ಈ ಲೆಕ್ಕ ಹಾಕುತ್ತಿದ್ದವರು ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು.

ಪಶ್ಚಿಮ ತೀರದ ವ್ಯಾಂಕೂವರ್ ದ್ವೀಪದಲ್ಲಿ ಪೆಟ್ರೀಷಿಯಾ ಬೇ ಅನ್ನುವ ತರಬೇತಿ ನೆಲೆ ಇತ್ತು. 1942ರ ಅಕ್ಟೋಬರ್ 30ರಂದು ಅಲ್ಲಿಂದ ಒಂದು ಆನ್ಸನ್ ವಿಮಾನ ನಾಲ್ಕು ಜನರ ಜೊತೆ ಹೊರಟಿತು. ಹಳೇ ಆನ್ಸನ್ ಅಂದರೆ ಚಕ್ರ ಮೇಲೆತ್ತಲು ಒಬ್ಬರು ಕೂತು ಕೈಯಲ್ಲೇ ಹಿಡಿಕೆಯನ್ನು ನೂರಕ್ಕೂ ಜಾಸ್ತಿ ಸುತ್ತು ತಿರುಗಿಸಬೇಕು. ಆವತ್ತು ಹೊರಟಾಗಲೂ ಯಾರೋ ಒಬ್ಬ ಹಾಗೆ ತಿರುಗಿಸಿರಬೇಕು ಅಲ್ವಾ. ವಿಮಾನ ವಾಪಸ್ ಬರಲಿಲ್ಲ. 2013ರಲ್ಲಿ, 71 ವರ್ಷ ಆದಮೇಲೆ, ಮರ ಕಡಿಯುವ ಕೆಲಸದವರಿಗೆ ಕಾಡಿನ ಇಳಿಜಾರಿನಲ್ಲಿ ಅದರ ಚೂರುಗಳು ಸಿಕ್ಕವು. ಮರುವರ್ಷ ನವೆಂಬರಿನಲ್ಲಿ ವಿಕ್ಟೋರಿಯಾದಲ್ಲಿ ನಾಲ್ವರನ್ನೂ ಮಣ್ಣು ಮಾಡಿದರು. ದಾರಿ ಕಾಯುತ್ತಿದ್ದ ಅಪ್ಪ ಅಮ್ಮ ಅಷ್ಟು ಹೊತ್ತಿಗೆ ಎಲ್ಲಿರುತ್ತಾರೆ? ಮಗ ಸತ್ತನೋ ಬದುಕಿದನೋ ಗೊತ್ತಿಲ್ಲದೆ ಬಾಗಿಲ ಸದ್ದಿಗೆಲ್ಲ ಎದ್ದು ನೋಡುವುದನ್ನು ನೆನೆಸಿಕೊಂಡರೆ ನನಗೆ ಹೊಟ್ಟೆ ಕಿವುಚುತ್ತದೆ.

ಆದರೂ ಆ ನಾಲ್ವರು ಬಿದ್ದದ್ದು ನೆಲದ ಮೇಲೆ, ಅದಕ್ಕೇ ಸಿಕ್ಕರು. ಕಡಲಿಗೆ ಬಿದ್ದವರಿದ್ದಲ್ಲಿಗೆ ಮರ ಕಡಿಯುವವರು ಹೋಗುವುದಿಲ್ಲ. ಈಗ ಗ್ರೀನ್ ಐಲ್ಯಾಂಡಿಗೆ ಹೋದಾಗಲೆಲ್ಲ ಒಂದು ಸಾಲಿನ ಹೆಸರುಗಳನ್ನಾದರೂ ಬಾಯಿಬಿಟ್ಟು ಓದಿ ಬರುತ್ತೇನೆ.