ಪ್ರಾಧ್ಯಾಪಕರ ಪಾಠದ ಗಂಟೆ ಎಣಿಸುವ ಮೊದಲು

ವಿವಾದದಲ್ಲಿರುವ ಜೀವಶಾಸ್ತ್ರ ಪ್ರಾಧ್ಯಾಪಕರೊಬ್ಬರು 'ವಾರಕ್ಕೆ ಮೂರೇ ಪಿರಿಯಡ್ ಪಾಠ ಮಾಡುತ್ತಾರೆ' ಎಂಬ ಮಾತು ಹಬ್ಬಿದರೆ, ಯಾವ ಸೆಮಿಸ್ಟರ್, ಯಾವ ಹುದ್ದೆ ಎಂದು ಮೊದಲು ಕೇಳಿ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಂತೆ ನೇರ ಬೋಧನೆ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14.

ಹೆಚ್ಚಿನವರು ಎಡವುವುದು ಪ್ರಾಕ್ಟಿಕಲ್‌ನಲ್ಲಿ. ಕ್ರೆಡಿಟ್ ಎಂದರೆ ಕೋರ್ಸಿನ ತೂಕ ಅಳೆಯುವ ಮಾನ. ಥಿಯರಿಯ ಒಂದು ಕ್ರೆಡಿಟ್ ವಾರಕ್ಕೆ 1 ಗಂಟೆ; ಪ್ರಾಕ್ಟಿಕಲ್‌ನದು ಸಾಮಾನ್ಯವಾಗಿ 2. ಕ್ರೆಡಿಟ್ಟನ್ನೇ ಗಂಟೆ ಎಂದು ಕೂಡಿಸಿದರೆ ಲ್ಯಾಬಿನ ಅರ್ಧ ದುಡಿಮೆ ಮಾಯ. ಕಾರವಾರದಂಥ ಕಡೆ ಕಡಲಜೀವಶಾಸ್ತ್ರ ಕಲಿಸುವವರಿಗಂತೂ ಇದು ದೊಡ್ಡ ಅನ್ಯಾಯ. ಕಾಳಿ ನದಿಯ ಅಳಿವೆಯ ಕೆಸರಿನಲ್ಲಿ ಹುಳು, ಚಿಪ್ಪಿ ಹೆಕ್ಕಲು ಸಮುದ್ರದ ಇಳಿತವೇ ಬೇಕು. ಅದು ದಿನಕ್ಕೆ ಸುಮಾರು 50 ನಿಮಿಷ ಮುಂದೆ ಸರಿಯುತ್ತದೆ, ಹಾಗಾಗಿ ಫೀಲ್ಡ್ ಕ್ಲಾಸು ಗೋಡೆಯ ವೇಳಾಪಟ್ಟಿಗೆ ಕೂರುವುದೇ ಇಲ್ಲ.

ಆದ್ದರಿಂದ ವೇಳಾಪಟ್ಟಿಯೊಂದನ್ನೇ ನಂಬಬೇಡಿ. ಕಾರ್ಯಭಾರ ಹಂಚಿಕೆ ಆದೇಶ, ಹಾಜರಿ ಪುಸ್ತಕ, ಮಂಜೂರಾದ ರಜೆ ಮೂರನ್ನೂ ಮಾಹಿತಿ ಹಕ್ಕಿನಲ್ಲಿ ಕೇಳಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಅರ್ಜಿ ಒಂದೇ ವಿಷಯಕ್ಕೆ, ಸಾಮಾನ್ಯವಾಗಿ 150 ಪದದೊಳಗೆ ಇರಬೇಕು. 'ಏಕೆ ಕಡಿಮೆ ಪಾಠ?' ಎಂದು ಬರೆದರೆ ಉತ್ತರ ಸಿಗುವುದಿಲ್ಲ. ದಾಖಲೆಯ ಹೆಸರು, ತಿಂಗಳು, ವರ್ಷ ಬರೆಯಿರಿ.