ಬಯಲುಸೀಮೆಯಿಂದ ಮಳೆನಾಡಿಗೆ: ಆಗುಂಬೆ, ಮಲ್ಪೆ, ಕೊಲ್ಲೂರಿಗೆ ಯಾವ ಬಟ್ಟೆ ಒಯ್ಯಬೇಕು

ದಾವಣಗೆರೆಯಲ್ಲಿ ಏಪ್ರಿಲ್ ತಿಂಗಳು ಬೆಳಿಗ್ಗೆ ಎಂಟಕ್ಕೆ ಮಾಳಿಗೆ ಮೇಲೆ ಹರವಿದ ಹತ್ತಿ ಅಂಗಿ ಹತ್ತು, ಹತ್ತೂವರೆಗೆಲ್ಲ ಗರಿಗರಿ. ಅದೇ ಅಂಗಿಯನ್ನು ಜುಲೈನಲ್ಲಿ ಮಲ್ಪೆಯ ಲಾಡ್ಜಿನ ಬಾಲ್ಕನಿಯಲ್ಲಿ ಹಾಕಿದರೆ ಮೂರನೇ ದಿನವೂ ಕಾಲರ್ ತೇವ, ಮೇಲೆ ಮುಗ್ಗಲು ವಾಸನೆ. ನಮ್ಮ ಕಡೆಯವರ ಮಳೆಗಾಲದ ಪ್ರವಾಸ ಕೆಡುವುದು ಹೆಚ್ಚಾಗಿ ಈ ಒಣಗದ ಬಟ್ಟೆಯಿಂದ. ಮಳೆಗೆ ಕೊಡೆಯಿದೆ, ಒದ್ದೆ ಚಡ್ಡಿಗೆ ಏನಿದೆ?

ಬಟ್ಟೆ ಒಣಗುವುದು ಬಿಸಿಲಿನ ಕಾವಿಗೆ ಅಂತ ನಾವು ನಂಬಿರುತ್ತೇವೆ. ಅದಕ್ಕಿಂತ ಮುಖ್ಯ, ಗಾಳಿಯಲ್ಲಿ ಇನ್ನೆಷ್ಟು ನೀರಿಗೆ ಜಾಗ ಉಳಿದಿದೆ ಎನ್ನುವುದು. ನಮ್ಮೂರ ಬೇಸಿಗೆಯ 38 ಡಿಗ್ರಿಯಲ್ಲಿ ತೇವಾಂಶ ಶೇ 25 ಇದ್ದರೆ ಗಾಳಿ ಬಾಯಾರಿ ನಿಂತಂತೆ. ಕರಾವಳಿಯ 28 ಡಿಗ್ರಿ, ಶೇ 90 ತೇವಾಂಶದಲ್ಲಿ ಅದರ ನೀರೆಳೆಯುವ ಶಕ್ತಿ ಹತ್ತನೇ ಒಂದು ಪಾಲಿಗಿಂತಲೂ ಕೆಳಗಿಳಿಯುತ್ತದೆ. ಹೀಗಾಗಿ ಅಲ್ಲಿ ಗಾಳಿ ಒಣಗಿಸಲಿ ಎಂದು ಕಾಯುವಂತಿಲ್ಲ. ಹಿಂಡಿದ ಮೇಲೆ ತನ್ನೊಳಗೆ ನೀರನ್ನೇ ಕಡಿಮೆ ಉಳಿಸಿಕೊಳ್ಳುವ ಬಟ್ಟೆ ಬೇಕು.

ದಾರಿ ಮೊದಲು ಹೇಳಿಬಿಡುತ್ತೇವೆ. ದಾವಣಗೆರೆಯಿಂದ ಹರಿಹರ, ಮಲೇಬೆನ್ನೂರು, ಹೊನ್ನಾಳಿ ಮೇಲೆ ಶಿವಮೊಗ್ಗ. ಚಿತ್ರದುರ್ಗದವರಿಗೆ ಹೊಳಲ್ಕೆರೆ, ಚನ್ನಗಿರಿ ಮೇಲೆ. ಮುಂದೆ ತೀರ್ಥಹಳ್ಳಿ, ಆಗುಂಬೆ, 14 ತಿರುವಿನ ಘಾಟಿ, ಸೋಮೇಶ್ವರ, ಹೆಬ್ರಿ, ಉಡುಪಿ. ಅಲ್ಲಿಂದ ಕೊಲ್ಲೂರು ನೋಡಿಕೊಂಡು ನಾಗೋಡಿ, ನಿಟ್ಟೂರು, ಹೊಸನಗರದ ಮೇಲೆ ವಾಪಸಾದರೆ ಐದು ದಿನ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ. ದಾವಣಗೆರೆಯದು 650ರ ಆಸುಪಾಸು. ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿ ಬಿಡುವುದಿಲ್ಲ, ಆ ಆಸೆ ಇಟ್ಟುಕೊಂಡು ಹೋಗಬೇಡಿ.

ಈಗ ಅಂಗಡಿಗೆ ಬನ್ನಿ. ದಾವಣಗೆರೆಯ ಮಂಡಿಪೇಟೆಯಲ್ಲಿ ಕೇಳಿ, ಚೌಕಿಪೇಟೆಯಲ್ಲಿ ಕೇಳಿ, ಹೊಳೆಯುವ ಟೀ ಶರ್ಟಿಗೆಲ್ಲ ‘ಡ್ರೈ ಫಿಟ್’ ಎಂದೇ ಹೆಸರು. ಹೆಸರು ಬಿಡಿ, ಪಕ್ಕದ ಹೊಲಿಗೆಯೊಳಗಿನ ಚೀಟಿ ಓದಿ. ಪಾಲಿಯೆಸ್ಟರ್ ನೂಲು ಗಾಳಿಯಿಂದ ಹೀರುವ ತೇವ ತನ್ನ ತೂಕದ ಶೇ 0.4ರಷ್ಟು ಮಾತ್ರ; ನೈಲಾನ್ ಶೇ 4, ಹತ್ತಿ ಶೇ 8.5. ಪಾಲಿಯೆಸ್ಟರ್ ಒದ್ದೆಯಾದಾಗ ನೀರು ಎಳೆಗಳ ನಡುವಿನ ಸಂದಿಯಲ್ಲಷ್ಟೇ ನಿಲ್ಲುತ್ತದೆ, ಹಿಂಡಿದರೆ ಬಿಟ್ಟುಕೊಡುತ್ತದೆ. ಹತ್ತಿ ಎಳೆಯೊಳಗೇ ಕುಡಿದುಬಿಡುತ್ತದೆ. ಟೀ ಶರ್ಟಿಗೆ ಪೂರ್ತಿ ಪಾಲಿಯೆಸ್ಟರ್, 120ರಿಂದ 140 ಜಿಎಸ್ಎಂ (ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ) ಸಾಕು. ಎಳೆದರೆ ಹಿಗ್ಗುವ ಸ್ಪ್ಯಾಂಡೆಕ್ಸ್ ನೂಲು ಶೇ 10 ದಾಟಿದ್ದನ್ನು ಬಿಡಿ. ಅದು ಮೈಗೆ ಅಂಟುತ್ತದೆ, ಒಣಗಲೂ ತಡ. ‘ಹತ್ತಿ ಮಿಶ್ರಿತ, ಮೆತ್ತಗಿದೆ ನೋಡಿ’ ಎಂದು ಅಂಗಡಿಯವರು ಮುಂದಿಡುವ, ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ 60:40 ಬಟ್ಟೆ ಇಲ್ಲಿ ಹಿತ, ಅಲ್ಲಿ ಕಷ್ಟ. ಬಿದಿರಿನ ಬಟ್ಟೆ ಎಂದು ಮಾರುವುದು ಬಹುಪಾಲು ವಿಸ್ಕೋಸ್, ಅಂದರೆ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆದ ನೂಲು. ಅದು ಹತ್ತಿಗಿಂತ ಹೆಚ್ಚು ನೀರು ಕುಡಿಯುತ್ತದೆ, ಒದ್ದೆಯಾದಾಗ ಬಲವೂ ಕುಂದುತ್ತದೆ.

ಕೊಳ್ಳುವ ಮೊದಲು ಎರಡು ಪರೀಕ್ಷೆ ಮಾಡಿ. ಅಂಗಿಯ ಒಳಮೈಗೆ ಒಂದು ಹನಿ ನೀರು ಬಿಡಿ. ಎರಡು ಮೂರು ಸೆಕೆಂಡಿನಲ್ಲಿ ಐದು ರೂಪಾಯಿ ನಾಣ್ಯದಗಲ ಹರಡಿದರೆ ಬೆವರನ್ನು ಹೊರಕ್ಕೆಳೆಯುತ್ತದೆ. ಮುತ್ತಿನಂತೆ ಹಾಗೇ ಕೂತರೆ ಅದು ಬರೀ ಪ್ಲಾಸ್ಟಿಕ್ ಅಂಗಿ, ಬೆವರು ಬೆನ್ನಲ್ಲೇ ಹರಿಯುತ್ತದೆ. ಆಮೇಲೆ ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ, ಆಚೆಗಿಟ್ಟ ಅಂಗೈಗೆ ಉಸಿರು ತಾಗಬೇಕು. ಅಳತೆಯಲ್ಲಿ ಒಂದು ಸೈಜ್ ದೊಡ್ಡದೇ ತೆಗೆದುಕೊಳ್ಳಿ. ಶೇ 90 ತೇವಾಂಶದಲ್ಲಿ ಬೆವರು ಆರುವುದೇ ಕಡಿಮೆ, ‘ಮೈ ತಂಪಾಗಿಡುತ್ತದೆ’ ಎಂಬ ಜಾಹೀರಾತಿನ ಮಾತು ಅಲ್ಲಿ ನಡೆಯದು. ಅಂಗಿಯೊಳಗೆ ಗಾಳಿ ಆಡುವುದೊಂದೇ ಹಿತ.

ಮನೆಗೆ ತಂದ ಮೇಲೆ ಇನ್ನೊಂದು ಪರೀಕ್ಷೆ. ಇದನ್ನು ಮಾಳಿಗೆ ಮೇಲೆ ಮಾಡಬೇಡಿ, ನಮ್ಮ ಮಾಳಿಗೆ ಮೇಲೆ ಕಂಬಳಿಯೂ ಒಣಗುತ್ತದೆ! ಅಡುಗೆಮನೆ ತಕ್ಕಡಿಯಲ್ಲಿ ಒಣ ಅಂಗಿ ತೂಗಿ, ನೆನೆಸಿ, ಕೈಯಲ್ಲಿ ಹಿಂಡಿ ಮತ್ತೆ ತೂಗಿ. 130 ಗ್ರಾಂ ಅಂಗಿ 200 ಗ್ರಾಂ ಆದರೆ ಒಳ್ಳೆಯದು. 260 ದಾಟಿದರೆ ಮನೆಯಲ್ಲೇ ಇರಲಿ. ನಂತರ ಬಚ್ಚಲುಮನೆಯಲ್ಲಿ ಒಂದು ಬಕೆಟ್ ಬಿಸಿನೀರಿಟ್ಟು, ಬಾಗಿಲು ಮುಚ್ಚಿ, ರಾತ್ರಿಯಿಡೀ ತೂಗುಹಾಕಿ. ಬೆಳಿಗ್ಗೆ ಎಲ್ಲಿ ತೇವ ಉಳಿದಿದೆಯೋ ಅಲ್ಲೇ ಕರಾವಳಿಯಲ್ಲೂ ಉಳಿಯುವುದು.

ಸಾಮಾನ್ಯವಾಗಿ ಉಳಿಯುವುದು ಮೂರು ಕಡೆ: ಸೊಂಟದ ದಪ್ಪ ಇಲಾಸ್ಟಿಕ್, ಎರಡು ಪದರದ ಕಾಲರ್, ಪ್ಯಾಂಟಿನ ಜೇಬು. ಈ ಜೇಬಿನ ವಿಷಯ ಬಹಳ ಜನ ಗಮನಿಸುವುದಿಲ್ಲ. ಮೇಲೆ ಚೆಂದದ ನೈಲಾನ್ ಪ್ಯಾಂಟ್, ಒಳಗೆ ಜೇಬಿಗೆ ಹತ್ತಿ ಬಟ್ಟೆ. ಪ್ಯಾಂಟ್ ಐದು ತಾಸಿನಲ್ಲಿ ಒಣಗಿದರೂ ಜೇಬು ಮಾರನೇ ದಿನದವರೆಗೆ ತೊಡೆಗೆ ತಣ್ಣಗೆ ತಾಗುತ್ತಿರುತ್ತದೆ. ಜಾಲರಿ ಜೇಬಿನದನ್ನೇ ಹುಡುಕಿ, ಇಲ್ಲವೇ ದರ್ಜಿಯ ಹತ್ತಿರ ಬದಲಿಸಿಕೊಳ್ಳಿ. ಜೀನ್ಸ್ ಮಾತ್ರ ಯಾರು ಎಷ್ಟು ಹೇಳಿದರೂ ಬೇಡ.

ಒಳಉಡುಪಿಗೆ ಹಣ ಉಳಿಸಲು ಹೋಗಬೇಡಿ. ಒದ್ದೆ ಹತ್ತಿ ಚಡ್ಡಿಯಲ್ಲಿ ದಿನವಿಡೀ ನಡೆದರೆ ಎರಡನೇ ದಿನಕ್ಕೆ ತೊಡೆಸಂದಿ ಉಜ್ಜಿ ಕೆಂಪಾಗುತ್ತದೆ. ತೇವ ಹಾಗೇ ಮುಂದುವರಿದರೆ ಹುಳುಕಡ್ಡಿ ಹತ್ತಿ, ಊರಿಗೆ ಬಂದ ಮೇಲೂ ವಾರಗಟ್ಟಲೆ ಮುಲಾಮು ಹಚ್ಚಬೇಕಾಗುತ್ತದೆ. ತೊಡೆ ಅರ್ಧ ಮುಚ್ಚುವ, ಚಪ್ಪಟೆ ಹೊಲಿಗೆಯ ಪಾಲಿಯೆಸ್ಟರ್ ಅಥವಾ ನೈಲಾನ್ ಚಡ್ಡಿ ನಾಲ್ಕು ಇರಲಿ. ಹೆಂಗಸರಿಗೆ ಎಲ್ಲಕ್ಕಿಂತ ನಿಧಾನವಾಗಿ ಒಣಗುವುದು ಫೋಮ್ ಇರುವ ಬ್ರಾ, ಎರಡು ದಿನವಾದರೂ ಒಳಗೆ ನೀರು. ಪ್ಯಾಡ್ ತೆಗೆಯಬಹುದಾದ ಸ್ಪೋರ್ಟ್ಸ್ ಬ್ರಾ ಸರಿ. ಸೀರೆ ಉಡುವ ಅಮ್ಮ, ಅಜ್ಜಿಯರಿಗೆ ಹೊಸದೇನೂ ಕೊಳ್ಳಬೇಕಿಲ್ಲ. ತೆಳು ಪಾಲಿಯೆಸ್ಟರ್ ಜಾರ್ಜೆಟ್ ಸೀರೆ ಯಾವ ಸ್ಪೋರ್ಟ್ಸ್ ಬಟ್ಟೆಗೂ ಕಡಿಮೆಯಿಲ್ಲದಂತೆ ಒಣಗುತ್ತದೆ. ಒಳಗಿನ ಹತ್ತಿ ಲಂಗ ಬದಲಿಸಿ ಸ್ಯಾಟಿನ್ ಲಂಗ ಕೊಟ್ಟರಾಯಿತು. ಮೊಳಕಾಲ್ಮೂರು ರೇಷ್ಮೆ ಈ ಪ್ರವಾಸಕ್ಕೆ ಬೇಡ, ಮಳೆ ಹನಿ ಕಲೆಯಾಗುತ್ತದೆ.

ಚಳ್ಳಕೆರೆ ಕಂಬಳಿ ಹೊದ್ದು ಮಳೆಯಲ್ಲಿ ಕುರಿ ಕಾಯುವವರನ್ನು ನೋಡಿದವರು ಕೇಳುತ್ತಾರೆ, ಉಣ್ಣೆ ಯಾಕೆ ಆಗಬಾರದು ಅಂತ. ಕೇಳುವುದು ನ್ಯಾಯವೇ. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ, ಬೆವರು ವಾಸನೆಯನ್ನೂ ಹಿಡಿದುಕೊಳ್ಳುವುದಿಲ್ಲ. ಅದೇ ಗುಣಕ್ಕೆ ತೆಳು ಮೆರಿನೊ ಉಣ್ಣೆಯ ಟೀ ಶರ್ಟುಗಳು ಬಂದಿವೆ. ಆದರೆ ಪಾಲಿಯೆಸ್ಟರಿಗಿಂತ ನಿಧಾನ, ಬೆಲೆಯೂ ಜಾಸ್ತಿ. ಕೊಡಚಾದ್ರಿಯ 1,343 ಮೀಟರ್ ಎತ್ತರದ ಗಾಳಿಗೆ ಒಂದಿದ್ದರೆ ಒಳ್ಳೆಯದು, ಉಡುಪಿಯ ಸೆಖೆಗೆ ಬೇಕಿಲ್ಲ.

ಐದು ದಿನಕ್ಕೆ ಮೂರು ಟೀ ಶರ್ಟ್, ಎರಡು ಪ್ಯಾಂಟ್, ಮೂರು ಜೊತೆ ಕಾಲುಚೀಲ ಸಾಕು. ಇದರ ಹೊರತಾಗಿ ಒಂದು ಪೂರ್ತಿ ಜೊತೆ ಒಣ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಗಾಳಿಯಾಡದಂತೆ ಕಟ್ಟಿಡಿ. ಅದು ಮಲಗುವಾಗ ಮತ್ತು ವಾಪಸು ಬಸ್ಸಿಗೆ ಮಾತ್ರ. ಒದ್ದೆ ಪಾಲಿಯೆಸ್ಟರಿನಲ್ಲಿ ಎಸಿ ಬಸ್ ಹತ್ತಿದರೆ ಹೊನ್ನಾಳಿ ಬರುವಷ್ಟರಲ್ಲಿ ಹಲ್ಲು ಕಟಕಟ. ಟರ್ಕಿ ಟವೆಲ್ ಬದಲು ತೆಳು ಹತ್ತಿ ಟವೆಲ್ ಒಯ್ಯಿರಿ, ಆ ಕಡೆಯವರು ಬೈರಾಸು ಅನ್ನುತ್ತಾರೆ. ದೇವಸ್ಥಾನಕ್ಕೆಂದು ಒಂದು ತೆಳು ಪಂಚೆ ಬೇಕು. ಕೊಲ್ಲೂರಿನಲ್ಲಿ ಗಂಡಸರು ಅಂಗಿ, ಬನಿಯನ್ ತೆಗೆದು ಒಳಗೆ ಹೋಗುತ್ತಾರೆ. ಬರ್ಮುಡಾ ಹಾಕಿಕೊಂಡು ಬಾಗಿಲಲ್ಲಿ ನಿಲ್ಲಬೇಡಿ. ಆಗುಂಬೆ, ಕೊಡಚಾದ್ರಿಯ ಕಾಡಿಗೆ ಒತ್ತು ನೇಯ್ಗೆಯ ಉದ್ದ ಪ್ಯಾಂಟೇ ಸರಿ. ಜಾಲರಿ ಲೆಗಿಂಗ್ಸ್ ಸಂದಿಯಲ್ಲಿ ಜಿಗಣೆ ಬಾಯಿ ಹಾಕುತ್ತದೆ.

ಒಗೆಯುವ ಕ್ರಮದಲ್ಲಿ ಅರ್ಧ ಕೆಲಸವಿದೆ. ರೂಮಿಗೆ ಬಂದ ಕೂಡಲೇ ಒಗೆಯಿರಿ, ಊಟ ಮಾಡಿ ಬಂದಲ್ಲ. ಫ್ಯಾನಿಗೆ ಆ ಎರಡು ತಾಸು ಬೇಕು. ಪುಡಿ ಸ್ವಲ್ಪವೇ ಹಾಕಿ, ಎರಡು ಸಲ ಜಾಲಿಸಿ. ಸೋಪು ಉಳಿದರೆ ಬಟ್ಟೆ ಅಂಟಂಟಾಗಿ ತೇವ ಹಿಡಿಯುತ್ತದೆ. ಬಟ್ಟೆ ಮೆತ್ತಗಾಗಲು ಹಾಕುವ ದ್ರವ ಇದಕ್ಕೆ ಕೂಡದು, ಅದು ಎಳೆಗೆ ಮೇಣದಂತೆ ಕೂತು ಬೆವರೆಳೆಯುವ ಗುಣವನ್ನೇ ಕೆಡಿಸುತ್ತದೆ. ಕೈಯಲ್ಲಿ ಹಿಂಡಿದ ಮೇಲೆ ಒಣ ಟವೆಲ್ ಮೇಲೆ ಹರವಿ, ಚಾಪೆಯಂತೆ ಸುತ್ತಿ, ಮೊಣಕಾಲಿನಿಂದ ಒಂದು ನಿಮಿಷ ಅದುಮಿ. ಉಳಿದ ನೀರಿನಲ್ಲಿ ದೊಡ್ಡ ಪಾಲು ಟವೆಲಿಗೆ ಬರುತ್ತದೆ. ಟವೆಲನ್ನು ಹಿಂಡಿ ಅದನ್ನೂ ಫ್ಯಾನ್ ಕೆಳಗೇ ಹಾಕಿ.

ಬಾಲ್ಕನಿಗೆ ಹಾಕಬೇಡಿ, ಸಮುದ್ರದ ಗಾಳಿ ಅಲ್ಲಿ ಒದ್ದೆಯನ್ನೇ ತರುತ್ತದೆ. ರೂಮಿನೊಳಗೆ ಕಿಟಕಿ ಸರಳಿನಿಂದ ಬಾಗಿಲ ಚಿಲಕಕ್ಕೆ ನಾಲ್ಕು ಮೀಟರ್ ನೈಲಾನ್ ಹಗ್ಗ ಕಟ್ಟಿ, ಒಳಮೈ ಹೊರಗೆ ಮಾಡಿ, ಜೇಬು ಎಳೆದು, ಬಟ್ಟೆ ಬಟ್ಟೆಗೆ ಒಂದು ಮುಷ್ಟಿ ಅಂತರ ಬಿಟ್ಟು ಫ್ಯಾನ್ ಪೂರ್ತಿ ತಿರುಗಿಸಿ. ಎಸಿ ಇದ್ದರೆ ‘ಡ್ರೈ’ ಗುಂಡಿ ಒತ್ತಿ, ಅದು ಕೋಣೆಯ ಗಾಳಿಯಿಂದಲೇ ನೀರು ತೆಗೆಯುತ್ತದೆ. ಪಾಲಿಯೆಸ್ಟರ್ ಮೈಯೆಣ್ಣೆಯನ್ನು ಹಿಡಿದುಕೊಳ್ಳುವುದರಿಂದ ಮೂರನೇ ದಿನಕ್ಕೆ ಕಂಕುಳಲ್ಲಿ ವಾಸನೆ ಬಂದರೆ, ಅರ್ಧ ಬಕೆಟ್ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಿ ಅರ್ಧ ಗಂಟೆ ನೆನೆಸಿ. ಇಸ್ತ್ರಿ ಪೆಟ್ಟಿಗೆ ಸಿಕ್ಕರೆ ಅತಿ ಕಡಿಮೆ ಶಾಖದಲ್ಲಿ ಮಾತ್ರ, ಇಲ್ಲದಿದ್ದರೆ ಬಟ್ಟೆ ಕರಗಿ ಹೊಳಪು ಕಲೆ ಕೂರುತ್ತದೆ.

ವಾಪಸು ಬಂದ ಮೇಲೆ ಇವನ್ನೆಲ್ಲ ಮಾಳಿಗೆಯ ನೆರಳಲ್ಲಿ ಒಂದು ದಿನ ಹರವಿ, ಪೂರ್ತಿ ಒಣಗಿದ ಮೇಲೆ ಮಡಚಿಡಿ. ದಾವಣಗೆರೆಯ ಬೇಸಿಗೆಗೆ ಹತ್ತಿ ಅಂಗಿಯೇ ತೆಗೆಯಿರಿ: ಇಲ್ಲಿನ ಒಣಗಾಳಿಗೆ ಬೆವರು ಕುಡಿದು ನಿಧಾನಕ್ಕೆ ಆರುವ ಬಟ್ಟೆಯೇ ಮೈಗೆ ತಂಪು.